ಅರವತ್ತು ಸೈಕಲ್ಲಿನ ಹಾಡು

ಈ ಊರಿಗೆ ಬಂದು ಸೇರಿದ ಮೊದಲ ದಿನ ಬೆಳಿಗ್ಗೆಯೇ ನಾನು ಓಣಿತುಂಬ ಹೊಗೆ ಎಬ್ಬಿಸಿದೆ. ನನ್ನ ಸೋದರಮಾವ ತೀರಿಕೊಂಡ ಮೇಲೆ ಹೊಳೆಯ ಮೂಡಣ ದಂಡೆಯಲ್ಲಿದ್ದ ಅವನ ಮೈಕ್ ಸೆಟ್ಟಿನ ಅಂಗಡಿ ನನ್ನ ಪಾಲಿಗೆ ಬಂದಿತ್ತು. ಅದಕ್ಕೂ ಮುಂಚೆ ಹನ್ನೊಂದು ವರ್ಷ ಸಮುದ್ರದಾಚೆಯ ಒಂದು ದೇಶದಲ್ಲಿ ರೇಡಿಯೋ ಕೇಂದ್ರದ ಯಂತ್ರಗಳನ್ನು ನೋಡಿಕೊಂಡಿದ್ದವಳು ನಾನು. ಅಲ್ಲಿಂದ ಬರುವಾಗ ಸೀರೆ ಪಾತ್ರೆ ಎಲ್ಲ ಬಿಟ್ಟು, ನನ್ನ ರೆಕಾರ್ಡ್ ಪ್ಲೇಯರನ್ನು ಮಾತ್ರ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದೆ. ಮನೆಯ ಕಸ ಗುಡಿಸುವುದಕ್ಕೂ ಮುಂಚೆ ಒಂದು ಹಾಡು ಕೇಳೋಣ ಎಂದು ಅದರ ಪಿನ್ನನ್ನು ಗೋಡೆಗೆ ಚುಚ್ಚಿದೆ. ಫಟ್ ಎಂದಿತು. ಆಮೇಲೆ ಹುರಿದ ಹುಣಸೆಬೀಜದಂಥ ವಾಸನೆ.

ಕಂಪೌಂಡಿನ ಗೋಡೆಯ ಆಚೆಯಿಂದ ಒಂದು ಬೆಳ್ಳಿಕೂದಲ ತಲೆ ಮೇಲೆದ್ದಿತು. "ಸುಟ್ಟಿತೇನು?" ಎಂದು ಕೇಳಿತು.

"ಹೂಂ," ಎಂದೆ, ಕಣ್ಣೊರೆಸಿಕೊಳ್ಳುತ್ತ.

"ನೂರಾಹತ್ತು ವೋಲ್ಟಿನ ಡಬ್ಬಿ ತಂದು ಇನ್ನೂರಾಇಪ್ಪತ್ತಕ್ಕ ಹಾಕಿದ್ರ ಇನ್ನೇನಾಗ್ತೈತಿ? ಚಿಂತಿ ಮಾಡಬ್ಯಾಡ. ಈ ಊರಿಗೆ ಬಂದವರೆಲ್ಲ ಒಂದು ಸುಟ್ಟ ಮ್ಯಾಲೇ ಕಲಿಯೂದು. ನಿನ್ನ ಮಾಮಾ ಎರಡು ಸುಟ್ಟಿದ್ದ. ಬಾ, ಚಹಾ ಕುಡಿ."

ಹೀಗೆ ನನಗೆ ಚಂದ್ರಭಾಗವ್ವನ ಪರಿಚಯವಾಯಿತು. ಅರವತ್ತೆಂಟು ವರ್ಷದ ಒಂಟಿ ಹೆಂಗಸು, ಕೈಗೆ ಹಸಿರು ಗಾಜಿನ ಬಳೆ, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಚಹಾ ಕುಡಿಯುತ್ತ ಆಕೆಯೇ ನನಗೆ ಊರಿನ ರೀತಿಯನ್ನು ಹೇಳಿಕೊಟ್ಟಳು. ಊರಿನ ನಡುವೆ ಹೊಳೆ. ಹೊಳೆಯ ಮೂಡಣ ದಂಡೆಗೆ ಬರುವ ಕರೆಂಟು ಇನ್ನೂರಾಇಪ್ಪತ್ತು ವೋಲ್ಟು, ಐವತ್ತು ಸೈಕಲ್ಲು, ಎಂದರೆ ಸೆಕೆಂಡಿಗೆ ಐವತ್ತು ಆವರ್ತನ. ಪಡುವಣ ದಂಡೆಗೆ ಬರುವುದು ನೂರಾಹತ್ತು ವೋಲ್ಟು, ಅರವತ್ತು ಸೈಕಲ್ಲು. ಒಂದೇ ಊರು, ಒಂದೇ ಸಂತೆ, ಒಂದೇ ಭಾಷೆ, ಕರೆಂಟು ಮಾತ್ರ ಎರಡು. ಯಾಕೆ ಎಂದು ಯಾರೂ ಕೇಳುವುದಿಲ್ಲ, ನಾನೂ ಆಮೇಲೆ ಕೇಳುವುದನ್ನು ಬಿಟ್ಟೆ.

ಜನ ಅದಕ್ಕೆ ಹೊಂದಿಕೊಂಡ ಬಗೆ ನೋಡುವುದೇ ಒಂದು ಚೆಂದ. ಹೊಳೆ ದಾಟಿ ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ತಪ್ಪದೆ ಒಂದು ಟ್ರಾನ್ಸ್‌ಫಾರ್ಮರ್ ಕೊಡುತ್ತಾರೆ. ಒಳಕಲ್ಲಿನಷ್ಟು ಭಾರದ ಆ ಕಬ್ಬಿಣದ ಪೆಟ್ಟಿಗೆಯನ್ನು ಅರಿಶಿನ ಕುಂಕುಮ ಹಚ್ಚಿಯೇ ಕಳಿಸುವುದು. ಅದರಿಂದ ವೋಲ್ಟು ಸರಿಹೋಗುತ್ತದೆ. ಸೈಕಲ್ಲು ಸರಿಹೋಗುವುದಿಲ್ಲ. ಮೂಡಣದ ಕರೆಂಟು ಗಡಿಯಾರವನ್ನು ಪಡುವಣಕ್ಕೆ ಒಯ್ದರೆ ಗಂಟೆಗೆ ಹನ್ನೆರಡು ನಿಮಿಷ ಮುಂದೆ ಓಡುತ್ತದೆ. ತವರಿನ ಗಡಿಯಾರವೆಂದು ಸೊಸೆಯಂದಿರು ಅದನ್ನು ಗೋಡೆಗೆ ತೂಗುಹಾಕುತ್ತಾರೆ, ಹೊತ್ತು ನೋಡಲು ಮಾತ್ರ ಪಕ್ಕದ ಮನೆಗೆ ಹೋಗುತ್ತಾರೆ. ಬೀದಿ ಕಂಬಗಳ ಮೇಲಿನ ಪೆಟ್ಟಿಗೆಗಳು ಗುಂಯ್‌ಗುಡುವ ಸದ್ದು ಕೂಡ ಎರಡು ದಂಡೆಯಲ್ಲಿ ಎರಡು ಶ್ರುತಿ. ಹೆಂಗಸರು ರೊಟ್ಟಿ ಬಡಿಯುತ್ತ ಗುನುಗುವಾಗ ತಮಗೆ ತಿಳಿಯದೆಯೇ ತಮ್ಮ ತಮ್ಮ ಕಂಬದ ಶ್ರುತಿ ಹಿಡಿಯುತ್ತಾರೆ. ಮೂಡಣದ ಷಡ್ಜದ ಮೇಲೆ ಕೋಮಲ ಗಾಂಧಾರ ಎಲ್ಲಿ ಬರುತ್ತದೋ ಅಲ್ಲಿ ಪಡುವಣದ ಷಡ್ಜ ಕೂತಿರುತ್ತದೆ. ಕೂದಲೆಳೆಯ ಹೆಚ್ಚುಕಡಿಮೆಯೂ ಇಲ್ಲ, ನಾನು ಅಳೆದು ನೋಡಿದ್ದೇನೆ.

ನನ್ನ ಪ್ಲೇಯರನ್ನು ರಿಪೇರಿ ಮಾಡಿ ಟ್ರಾನ್ಸ್‌ಫಾರ್ಮರಿಗೆ ಸಿಕ್ಕಿಸಿದಾಗ ಹೊಗೆ ಬರಲಿಲ್ಲ, ಆದರೆ ಹಾಡು ಅಂಬಲಿಯಲ್ಲಿ ಕಾಲಿಟ್ಟವರ ಹಾಗೆ ನಡೆಯಿತು. ಅರವತ್ತಕ್ಕೆ ಮಾಡಿದ ಮೋಟಾರು ಐವತ್ತರಲ್ಲಿ ನಿಧಾನವಾಗಿ ತಿರುಗುತ್ತಿತ್ತು. ಮೋಟಾರಿನ ತುದಿಯ ಹಿತ್ತಾಳೆ ಗಾಲಿಯನ್ನು ತೆಗೆದು, ಮಾವನ ಡಬ್ಬಿಯಲ್ಲಿ ಹುಡುಕಿ ಸ್ವಲ್ಪ ದಪ್ಪದ ಗಾಲಿ ಹಾಕಿದ ಮೇಲೆ ಅದು ನೆಟ್ಟಗಾಯಿತು. ಊರಿನ ಉಳಿದ ಪ್ಲೇಯರುಗಳೆಲ್ಲ ಮಾವನ ಅಂಗಡಿಯಿಂದಲೇ ಹೋದವು, ಎಲ್ಲಕ್ಕೂ ಐವತ್ತು ಸೈಕಲ್ಲಿನ ಗಾಲಿ. ಆದ್ದರಿಂದ ಪಡುವಣ ದಂಡೆಯಲ್ಲಿ ಹಾಡುಗಳು ಮೊದಲಿನಿಂದಲೂ ಬೇಗ ಓಡುತ್ತಿದ್ದವು, ಎತ್ತರದ ದನಿಯಲ್ಲಿ ಕೇಳುತ್ತಿದ್ದವು. ಗಾಲಿ ಬದಲಿಸಿ ಕೊಡುತ್ತೇನೆ ಎಂದು ನಾನು ಒಂದಿಬ್ಬರಿಗೆ ಹೇಳಿದೆ. "ಬ್ಯಾಡ್ರಿ, ನಮ್ಮ ಹಾಡು ಕೆಡ್ತೈತಿ" ಎಂದರು. ಮೂಡಣದವರನ್ನು ಅವರು ನಿದ್ದೆಯವರು ಎನ್ನುತ್ತಿದ್ದರು. ಮೂಡಣದವರು ಅವರನ್ನು ಓಡುನಡಿಗೆಯವರು ಎನ್ನುತ್ತಿದ್ದರು.

ಎರಡೂ ದಂಡೆಗೆ ಬೇಕಾದ ಒಂದು ಹಾಡಿತ್ತು. ಮದುಮಗಳನ್ನು ಹಸೆಗೆ ಕರೆಯುವ ಹಾಡು. ಅದಿಲ್ಲದೆ ಊರಿನಲ್ಲಿ ಮದುವೆಯೇ ಇಲ್ಲ. ಅದನ್ನು ಹಾಡಿದ್ದು ಚಂದ್ರಭಾಗವ್ವ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೂರದ ಪಟ್ಟಣಕ್ಕೆ ಹೋಗಿ ಒಂದೇ ಒಂದು ರೆಕಾರ್ಡ್ ಕೊಟ್ಟು ಬಂದಿದ್ದಳು, ಆಮೇಲೆ ಸಭೆಯಲ್ಲಿ ಹಾಡಿದ್ದಿಲ್ಲ. ವಿಚಿತ್ರವೆಂದರೆ ಆ ಹಾಡು ಅವಳಿಗೇ ಸೇರುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಮದುವೆಯಾಗಿ ಲೌಡ್‌ಸ್ಪೀಕರಿನಲ್ಲಿ ಅದು ಶುರುವಾದರೆ ಆಕೆ ಕಿಟಕಿ ಮುಚ್ಚಿ ಹಿತ್ತಲಲ್ಲಿ ಬಟ್ಟೆ ಒಗೆಯಲು ಕೂತುಬಿಡುತ್ತಿದ್ದಳು. ಪಡುವಣ ದಂಡೆಗೆ ಹೋಗುವುದೇ ಅಪರೂಪ, ಹೋದಾಗಲೂ ಮದುವೆಯ ಚಪ್ಪರ ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದಳು. ಜನ ಅದನ್ನು ಸೊಕ್ಕು ಎಂದುಕೊಂಡಿದ್ದರು. ನಾನು ಒಮ್ಮೆ ಕೇಳಿದ್ದಕ್ಕೆ, "ನಿನಗ ನಿನ್ನ ಹಳೇ ಫೋಟೋ ಎಲ್ಲಾ ಚಂದ ಕಾಣ್ತಾವೇನು?" ಎಂದು ಮಾತು ತೇಲಿಸಿದಳು.

ನಾನು ಬಂದು ಎರಡು ವರ್ಷವಾದ ಮೇಲೆ, ಒಂದು ಬೆಳಗಿನ ಹೊತ್ತು ಗುಣವತಿ ನನ್ನ ಅಂಗಡಿಗೆ ಬಂದಳು. ಗುಣವತಿ ಹೊಳೆ ದಾಟಿಸುವ ದೋಣಿಯವಳು. ಪಡುವಣ ದಂಡೆಯವಳು. ಅವಳು ಈ ದಡದಿಂದ ಕೂಗಿದರೆ ಆ ದಡದ ಕೋಳಿಗಳು ಓಡುತ್ತಿದ್ದವು, ಅಂಥ ದನಿ. ಆವತ್ತು ಮಾತ್ರ ಪಿಸುಗುಟ್ಟಿದಳು. ಸೆರಗಿನೊಳಗಿನಿಂದ ಒಂದು ರೆಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. ಅಂಚಿನಿಂದ ನಡುವಿನವರೆಗೆ ಒಂದು ಬಿರುಕು.

"ಮೈಕಿನಕ್ಕಾ, ಇದು ನಮ್ಮ ದಂಡಿ ಮಂಟಪದ್ದು. ಹಸಿ ಹಾಡು. ನಮ್ಮ ಕಡೆ ಇದ್ದದ್ದು ಇದೊಂದೇ."

"ಯಾರು ಒಡದ್ರು?"

"ನಾನೇ. ಇದರ ಮ್ಯಾಲೆ ಕುಂತೆ." ಅವಳಿಗೇ ನಗು ತಡೆಯಲಾಗಲಿಲ್ಲ. "ಮುಂದಿನ ವಾರ ನಂದೇ ಮದುವಿ. ಹಾಡು ಒಮ್ಮೆ ಕೇಳೂಣಂತ ಮಂಟಪದವರ ಕಡೆಯಿಂದ ಕೇಳಿ ತಂದಿದ್ದೆ. ಕುರ್ಚಿ ಮ್ಯಾಲೆ ಇಟ್ಟೆ, ಮರತೆ."

ಅಂಟು ಹಾಕಿದರೆ ಹಾಡುತ್ತದೆ, ಸುತ್ತಿಗೊಮ್ಮೆ ಟಕ್ ಅನ್ನುತ್ತದೆ ಅಷ್ಟೆ, ಎಂದೆ. ಅವಳು ತಲೆಯಲ್ಲಾಡಿಸಿದಳು. ಅವಳ ಅಜ್ಜಿಯ ತಂಗಿ ಶಿವಗಂಗವ್ವ ಮನೆಯ ಹಿರಿಯಳು. ಬಿರುಕು ಬಿಟ್ಟದ್ದು ಮದುವೆಯಲ್ಲಿ ಕೂಡದು ಎಂದು ಆಕೆ ಕಡ್ಡಿಮುರಿದಂತೆ ಹೇಳಿದ್ದಳಂತೆ. ಮೂಡಣದ ಮಂಟಪದಲ್ಲಿ ಇನ್ನೊಂದು ಪ್ರತಿ ಇತ್ತು, ಆದರೆ ಅದೇ ದಿನ ಅದೇ ಮುಹೂರ್ತಕ್ಕೆ ಅಲ್ಲೂ ಮದುವೆ. ವರ ಅಡಿವೆಪ್ಪ ಮೂಡಣ ದಂಡೆಯ ಗಡಿಯಾರ ರಿಪೇರಿಯವನು, ನನಗೂ ಗೊತ್ತಿದ್ದವನು, ಹತ್ತು ಮಾತಾಡುವ ಕಡೆ ಒಂದು ಮಾತಾಡಿ ಅದಕ್ಕೂ ಕ್ಷಮೆ ಕೇಳುವಂಥವನು. ಅವನೂ ಊರೆಲ್ಲ ಹುಡುಕಿ ಕೈಚೆಲ್ಲಿದ್ದ.

"ಹಾಡಿಲ್ಲದ ಹೆಂಗ ಹಸಿಗೆ ಹೋಗ್ಲಿ?" ಎಂದಳು ಗುಣವತಿ. ಈ ಸಲ ನಗಲಿಲ್ಲ. "ನಮ್ಮವ್ವ ಈ ಹಾಡಿಗೇ ಹೋದಾಕಿ. ಆಕಿ ಇಲ್ಲ. ಹಾಡಾದ್ರೂ ಇರಲಿ ಅಂತಿದ್ದೆ."

ನನಗೆ ಏನು ಹೊಳೆಯಿತೋ, "ಹಾಡಾಕೀನ ಕರಕೊಂಡು ಹೋದ್ರ?" ಎಂದುಬಿಟ್ಟೆ.

ಅವಳು ಬೆಪ್ಪಾಗಿ ನೋಡಿದಳು. ಆ ರೆಕಾರ್ಡಿನ ಹುಡುಗಿ ಇನ್ನೂ ಬದುಕಿದ್ದಾಳೆ, ಅದೂ ಗೋಡೆಯಾಚೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಾಳೆ ಎಂದು ಅವಳಿಗೆ ನಂಬಿಸಲು ನಾನು ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ತೋರಿಸಬೇಕಾಯಿತು. ಗುಣವತಿ ಗೋಡೆಯ ಮೇಲಿಂದಲೇ ಕೈಮುಗಿದಳು. ಚಂದ್ರಭಾಗವ್ವ ಮೊದಲು ಆಗುವುದಿಲ್ಲ ಎಂದಳು. ದನಿ ಹೋಗಿದೆ ಎಂದಳು. ಮೊಣಕಾಲು ನೋವು ಎಂದಳು. ಗುಣವತಿ ತನ್ನ ತಾಯಿಯ ಮಾತು ಹೇಳಿದ ಮೇಲೆ ನಾಲ್ಕಾರು ಹಣ್ಣಿನ ಬೀಜ ಬೇರ್ಪಡಿಸಿದಳು. ಆಮೇಲೆ, "ದೋಣ್ಯಾಗ ನನ್ನ ತಂಬೂರಿಗೆ ನೀರು ಸಿಡದ್ರ ನೋಡು ಮತ್ತ" ಎಂದಳು. ಅದೇ ಒಪ್ಪಿಗೆ.

ಮದುವೆಯ ದಿನ ನಾನು ಬಹಳ ತಯಾರಾಗಿ ಹೋದೆ. ಆಂಪ್ಲಿಫೈಯರು, ಎರಡು ಮೈಕು, ನಾಲ್ಕು ಬಗೆಯ ಪಿನ್ನು, ಫ್ಯೂಸು, ನೂರಾಹತ್ತನ್ನು ಇನ್ನೂರಾಇಪ್ಪತ್ತು ಮಾಡುವ ದೊಡ್ಡ ಟ್ರಾನ್ಸ್‌ಫಾರ್ಮರು, ಮಂಟಪದ ಪ್ಲೇಯರು ಕೈಕೊಟ್ಟರೆ ಇರಲಿ ಎಂದು ನನ್ನ ಪ್ಲೇಯರು. ಅಂಟು ಹಾಕಿದ ರೆಕಾರ್ಡನ್ನೂ ಚೀಲದಲ್ಲಿಟ್ಟುಕೊಂಡೆ. ಮದುವೆಯಾದ ಮೇಲೆ ನೆನಪಿಗಿರಲಿ ಎಂದು ಗುಣವತಿಗೆ ಕೊಡುವ ಮನಸ್ಸಿತ್ತು. ಕರೆಂಟಿನ ಬಗ್ಗೆ ಯೋಚಿಸಬೇಕಾದ್ದನ್ನೆಲ್ಲ ಯೋಚಿಸಿದ್ದೆ. ಜನರ ಕಿವಿಯ ಬಗ್ಗೆ ಯೋಚಿಸಿರಲಿಲ್ಲ. ಇಷ್ಟು ವರ್ಷ ಇದೇ ಕಸುಬು ಮಾಡಿದ ನನಗೆ ಅದು ಮೊದಲೇ ಹೊಳೆಯಬೇಕಿತ್ತು.

ಚಪ್ಪರ ತುಂಬಿತ್ತು. ಒಂದು ಕಡೆ ಪಡುವಣದ ಹೆಣ್ಣಿನವರು, ಇನ್ನೊಂದು ಕಡೆ ಮೂಡಣದ ಗಂಡಿನವರು. ನಡುವೆ ಹಸೆ. ಒಳಮನೆಯ ಹೊಸ್ತಿಲ ಹತ್ತಿರ ಗುಣವತಿ ನೀಲಿ ಇಳಕಲ್ ಸೀರೆಯುಟ್ಟು, ಗೆಳತಿಯರ ನಡುವೆ ನಿಂತಿದ್ದಳು. ಚಂದ್ರಭಾಗವ್ವ ವೇದಿಕೆ ಹತ್ತಿ ತಂಬೂರಿ ತೊಡೆಗೇರಿಸಿಕೊಂಡಾಗ ಹಿಂದಿನ ಸಾಲಿನವರು ಎದ್ದು ನೋಡಿದರು. ಆಕೆ ಮನೆಯಲ್ಲೇ ಶ್ರುತಿ ಮಾಡಿಕೊಂಡು ಬಂದಿದ್ದಳು. ಮೀಟಿದೊಡನೆ ಅವಳ ಹುಬ್ಬು ಗಂಟಿಕ್ಕಿತು. ಚಪ್ಪರದ ಪಕ್ಕದ ಕಂಬ ಅರವತ್ತರ ಶ್ರುತಿಯಲ್ಲಿ ಗುಂಯ್‌ಗುಡುತ್ತಿತ್ತು, ತಂಬೂರಿ ಐವತ್ತರ ಶ್ರುತಿಯಲ್ಲಿತ್ತು. ಆದರೂ ಕಣ್ಣು ಮುಚ್ಚಿ ಶುರುಮಾಡಿದಳು.

"ಹೊಸ್ತಿಲ ದಾಟಿ ಬಾರ ಹೂವಿನ ಹೆಜ್ಜ್ಯಾಕಿ, ಹಸಿ ಮ್ಯಾಲ ಬೆಳಕು ಕುಂತೈತಿ..."

ತಗ್ಗಿನ, ಸ್ವಲ್ಪ ಒಡೆದ, ಗಂಭೀರ ದನಿ. ನನಗೆ ರೋಮಾಂಚನವಾಯಿತು. ಗಂಡಿನವರು ತಲೆದೂಗಿದರು. ಹೆಣ್ಣಿನವರ ಕಡೆ ಗುಸುಗುಸು ಶುರುವಾಯಿತು. ಗುಣವತಿ ಹೊಸ್ತಿಲು ದಾಟಿ ಹೆಜ್ಜೆ ಹಾಕಿದಳು. ಪಡುವಣದಲ್ಲಿ ಮದುಮಗಳು ಕುಣಿಕುಣಿದು ಬರುವುದು ಪದ್ಧತಿ, ಏಳನೆಯ ವಯಸ್ಸಿನಿಂದ ಆಟದಲ್ಲೂ ಅದನ್ನೇ ಅಭ್ಯಾಸ ಮಾಡಿರುತ್ತಾರೆ. ಒಂದು ಹೆಜ್ಜೆಗೆ ಹಾಡು ಅರ್ಧ ಹೆಜ್ಜೆ ಬಂತು. ಅವಳು ಕಾಲೆತ್ತಿ ಕೊಕ್ಕರೆಯ ಹಾಗೆ ನಿಂತಳು. ಎರಡನೆಯ ಹೆಜ್ಜೆಗೆ ಮುಗ್ಗರಿಸಿ ಗೆಳತಿಯ ಭುಜ ಹಿಡಿದಳು.

ಶಿವಗಂಗವ್ವ ಎದ್ದು ನಿಂತಳು. ಸಣ್ಣ ಆಳು, ದೊಡ್ಡ ಮೂಗುತಿ. "ನಿಲ್ಲಸ್ರಿ," ಎಂದಳು. "ಇದು ನಮ್ಮ ಹಾಡಲ್ಲ. ಈಕಿ ನಮ್ಮ ಹಾಡಾಕಿ ಅಲ್ಲ. ನಮ್ಮ ಹಾಡಾಕಿ ದನಿ ಗುಬ್ಬಿ ದನಿ. ಮೂಡಣದವರು ಯಾರನ್ನೋ ಕರಕೊಂಡು ಬಂದು ನಮ್ಮನ್ನ ಆಟ ಆಡಸಾಕತ್ತಾರು."

ಗಂಡಿನವರ ಕಡೆಯಿಂದ ಅಡಿವೆಪ್ಪನ ದೊಡ್ಡಪ್ಪ ಎದ್ದ. "ಹಾಡು ಇದೇ! ಹಾಡಾಕೀನೂ ಇವರೇ! ನಿಮ್ಮ ದಂಡಿ ಮಷೀನಿಗೆ ಹುಚ್ಚು ಹಿಡದೈತಿ, ಅದಕ್ಕ ನಮ್ಮ ಚಂದ್ರಭಾಗವ್ವ ಏನ್ ಮಾಡಬೇಕು?"

"ಹುಚ್ಚು ಯಾರಿಗೆ ಅಂದಿ? ನಿದ್ದಿ ಮಾಡೂ ಮಂದಿ ನೀವು!"

"ಓಡೂ ಮಂದಿಗೆ ಸಂಗೀತ ಏನ್ ತಿಳೀತೈತಿ!"

ಒಂದು ನಿಮಿಷದಲ್ಲಿ ಚಪ್ಪರದ ಎರಡೂ ಬದಿ ಎದ್ದು ನಿಂತಿತು. ಅಡಿವೆಪ್ಪ ಬಾಸಿಂಗ ಕಟ್ಟಿಕೊಂಡು ಹಸೆಯ ಮೇಲೆ ಒಬ್ಬನೇ ಕೂತು ಎರಡೂ ಕಡೆಯವರಿಗೆ ಕೈಮುಗಿಯುತ್ತಿದ್ದ. ಗುಣವತಿ ಹೊಸ್ತಿಲಿನಿಂದ ಎರಡೇ ಹೆಜ್ಜೆ ದೂರದಲ್ಲಿ, ಹೋಗಲೂ ಆಗದೆ ಬರಲೂ ಆಗದೆ ನಿಂತಿದ್ದಳು. ಚಂದ್ರಭಾಗವ್ವ ತಂಬೂರಿಯನ್ನು ಪಕ್ಕಕ್ಕಿಟ್ಟು ಲವಂಗ ಹುಡುಕುತ್ತಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮುದುಕಿಯನ್ನು ಅವಳ ಪಾಡಿಗೆ ಬಿಡದೆ ಈ ಅವಮಾನಕ್ಕೆ ಕರೆತಂದವಳು ನಾನು.

ಚೀಲದಿಂದ ಬಿರುಕಿನ ರೆಕಾರ್ಡ್ ತೆಗೆದು ನನ್ನ ಪ್ಲೇಯರಿನ ಮೇಲಿಟ್ಟೆ. ಅದರಲ್ಲೂ ಈಗ ಐವತ್ತರ ಗಾಲಿಯೇ ಇತ್ತು. ಹಾಡಿದವಳು ಯಾರು ಎಂಬುದನ್ನು ಅವರ ಕಿವಿಗೇ ಕೇಳಿಸಿ, ಗಾಲಿ ತೋರಿಸಿ ತಿಳಿಸಿ ಹೇಳೋಣ ಎಂಬ ಯೋಚನೆ. "ಏ, ಅದು ಒಡದದ್ದು! ಬ್ಯಾಡ!" ಎಂದು ಶಿವಗಂಗವ್ವ ಕೂಗುವಷ್ಟರಲ್ಲಿ ಮುಳ್ಳು ಇಳಿಸಿದ್ದೆ.

ಟಕ್. ಟಕ್. ಟಕ್. ಬಿರುಕಿನ ಸದ್ದು ಸುತ್ತಿಗೊಮ್ಮೆ ಲೌಡ್‌ಸ್ಪೀಕರಿನಿಂದ ಬಂತು. ಅದರ ಹಿಂದೆಯೇ ಹಾಡು ಚಿಮ್ಮಿತು. ಅರವತ್ತು ಸೈಕಲ್ಲಿನ ಹಾಡು. ಹೊಳೆಯ ಮೇಲೆ ಕಲ್ಲು ಹಾರಿಸಿದ ಹಾಗೆ ಪುಟಪುಟನೆ ಹಾರುವ ದನಿ, ನಗುತ್ತ ಓಡಿ ಬಂದು ಬಾಗಿಲು ತಟ್ಟುವ ದನಿ. ಬಿರುಕಿನ ಟಕ್ ಅದಕ್ಕೆ ತಾಳ ಹಾಕುತ್ತಿತ್ತು. ಹೆಣ್ಣಿನವರ ಮುಖಗಳೆಲ್ಲ ಒಮ್ಮೆಲೆ ಅರಳಿದವು. "ಇದು! ಇದೇ ನಮ್ಮಾಕಿ!" ಎಂದು ಶಿವಗಂಗವ್ವ, ಒಡೆದದ್ದು ಎಂಬುದನ್ನೂ ಮರೆತು, ನನ್ನತ್ತ ಬೆರಳು ತೋರಿಸಿದಳು.

ನಾನು ಚಂದ್ರಭಾಗವ್ವನ ಕಡೆ ನೋಡಿದೆ. ಆಕೆ ಕುತ್ತಿಗೆ ಚಾಚಿ, ಬಾಯಿ ತೆರೆದು, ಲೌಡ್‌ಸ್ಪೀಕರನ್ನೇ ದಿಟ್ಟಿಸುತ್ತಿದ್ದಳು. ಐವತ್ತೊಂದು ವರ್ಷದಲ್ಲಿ ಮೊದಲ ಸಲ ಆಕೆ ತನ್ನ ಹಾಡನ್ನು ಈ ದಂಡೆಯಲ್ಲಿ ಕೇಳುತ್ತಿದ್ದಳು. ಹಾಡು ಮುಗಿಯುವವರೆಗೆ ಅಲುಗಲಿಲ್ಲ. ಮುಗಿದ ಮೇಲೆ ಮೈಕಿಗೆ ಬಾಗಿ, "ಇನ್ನೊಮ್ಮೆ ಹಚ್ಚು ಹುಡುಗಿ" ಎಂದಳು. ಎರಡನೆಯ ಸಲ ಹಾಕಿದೆ. ಅರ್ಧಕ್ಕೆ ಬಂದಾಗ ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆ ಎಂದು ನಾನು ಓಡಿಹೋದೆ. ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು, ಲವಂಗ ಬಾಯಿಂದ ಬಿದ್ದುಹೋಗುವಷ್ಟು ನಗು.

"ಕೂಡ್ರಿ, ಎಲ್ಲಾರೂ ಕೂಡ್ರಿ," ಎಂದಳು ಮೈಕಿನಲ್ಲಿ. ಜನ ಕೂತರು. "ಶಿವಗಂಗವ್ವಾರು ಹೇಳಿದ್ದು ಖರೆ. ಈಗ ನಾ ಹಾಡಿದ್ದು ನನ್ನ ಹಾಡಲ್ಲ. ನನ್ನ ಹಾಡು ಇದು."

ಮೂಡಣದವರು ದಂಗಾದರು. ಆಕೆ ಮುಂದುವರಿಸಿದಳು. "ನಮ್ಮವ್ವ ಕಲಿಸಿದ್ದು ಹಿಂಗ, ಕುಣಿಯೂ ಹಂಗ. ಹತ್ತೊಂಬತ್ತು ವರ್ಷದಾಕಿ, ಪಟ್ಟಣಕ್ಕ ಹೋದೆ. ಅಲ್ಲಿ ಮಷೀನಿನ ಮುಂದ ಒಬ್ಬ ದೊಡ್ಡ ಮನಶಾ ಕುಂತಿದ್ದ. ಸಾವಕಾಶ ಹಾಡು, ತಗ್ಗಿಸಿ ಹಾಡು, ಮದುವಿ ಅಂದ್ರ ಗಂಭೀರ ಇರಬೇಕು ಅಂದ. ಮಗಳನ್ನ ಹಸಿಗೆ ಕರಿಯೂ ಹಾಡ್ರಿ, ಹೆಣ ಎತ್ತೂ ಹಾಡಲ್ಲ ಅಂತ ಜಗಳಾಡಿದೆ. ಕೇಳಲಿಲ್ಲ. ಸೋತು ಅವ ಹೇಳಿದಂಗ ಹಾಡಿ ಬಂದೆ. ಆಮ್ಯಾಲೆ ಅದನ್ನ ಕೇಳಿದಾಗೆಲ್ಲಾ ಹೊಟ್ಟಿ ಉರೀತಿತ್ತು. ಕಿಟಕಿ ಹಾಕ್ಕೊಂಡು ಕುಂತೆ ಇಷ್ಟು ವರ್ಷ." ಕಣ್ಣೊರೆಸಿಕೊಂಡು ಕಂಬದ ಕಡೆ ನೋಡಿದಳು. "ಈ ದಂಡ್ಯಾಗ ನನ್ನ ಹಾಡು ನನ್ನ ಬಿಟ್ಟು ಕುಣಿಯಾಕತ್ತಿತ್ತು ಅಂತ ನನಗ ಒಬ್ರೂ ಹೇಳಲಿಲ್ಲಲ್ರೋ!"

ಅಡಿವೆಪ್ಪನ ದೊಡ್ಡಪ್ಪ ನಿಧಾನವಾಗಿ ಪೇಟ ತೆಗೆದು, "ಹಂಗಾರ ನಾವು ತಪ್ಪು ಹಾಡು ಕೇಳಿದ್ವೇನವ್ವಾ?" ಎಂದ.

"ತಪ್ಪು ನಂದು. ನಾ ಕೊಟ್ಟದ್ದನ್ನ ನೀವು ಪ್ರೀತಿ ಮಾಡಿದ್ರಿ. ಕೂಡ್ರಿ ಕಾಕಾ, ಪೇಟ ಸುತ್ತಿಕೊಳ್ರಿ."

ಆಮೇಲೆ ಆಕೆ ತಂಬೂರಿ ಎತ್ತಿಕೊಂಡು, ಕಂಬದ ಗುಂಯ್‌ಗೆ ಕಿವಿಗೊಟ್ಟು, ಬಿರಡೆ ತಿರುಗಿಸಿ ತಂತಿಗಳನ್ನು ಒಂದೊಂದಾಗಿ ಏರಿಸತೊಡಗಿದಳು. ಒಂದು ತಂತಿ ಟಣ್ಣನೆ ಹರಿಯಿತು. ಉಳಿದ ಮೂರರಲ್ಲೇ ಹಾಡುತ್ತೇನೆ ಎಂದಳು. ಆದರೆ ಹಾಡಲು ಬಾಯಿ ತೆರೆದರೆ ನಾಲಿಗೆ ಆ ಓಟಕ್ಕೆ ಹೊರಳಲಿಲ್ಲ. ಅರ್ಧ ಶತಮಾನದ ಜಡ್ಡು. ಎರಡು ಸಲ ತಪ್ಪಿ, ಮೂರನೆಯ ಸಲ ನಕ್ಕುಬಿಟ್ಟಳು. "ಶಿವಗಂಗವ್ವಾರ, ಬರ್ರಿ ಇಲ್ಲೆ. ಉಸಿರು ಎಲ್ಲೆ ತಗೋತೀರಿ ಹೇಳ್ರಿ ನನಗ."

ಶಿವಗಂಗವ್ವ ಮೊದಲು ನಾಚಿದಳು. ಆಮೇಲೆ ವೇದಿಕೆ ಹತ್ತಿ, ಚಂದ್ರಭಾಗವ್ವನ ಎದುರು ಮಂಡಿಯೂರಿ ಕೂತು, ಅವಳ ತೊಡೆಯ ಮೇಲೆ ಕೈಯಿಂದ ತಾಳ ಹಾಕುತ್ತ ಕಲಿಸಿದಳು. "ಹೂವಿನ ಅಂದ ಮ್ಯಾಲೆ ಉಸಿರು ತಗೋಬಾರದವ್ವಾ, ಹೆಜ್ಜ್ಯಾಕಿ ಅಂದು ತಗೋಬೇಕು." "ಹೌದಲ್ಲ! ನಮ್ಮವ್ವನೂ ಹಂಗ ತಗೋತಿದ್ಲು!" ಇನ್ನೂ ನಾಲ್ಕು ಜನ ಹೆಂಗಸರು ಬಂದು ಕೂತರು. ಎತ್ತರದ ಸ್ವರ ಬಂದಾಗ ಅವರು ಹಿಡಿಯುತ್ತಿದ್ದರು, ಕೆಳಗಿನದು ಆಕೆ. ಹಾಡು ಕಾಲು ಕಂಡುಕೊಂಡಿತು. ಗುಣವತಿ ಸೀರೆಯ ನಿರಿಗೆ ಎತ್ತಿ ಹಿಡಿದು ಕುಣಿಯುತ್ತ ಬಂದಳು. ಹೊಸ್ತಿಲಿನಿಂದ ಹಸೆಯವರೆಗೆ ಬಂದು, ಇನ್ನೇನು ಕೂರಬೇಕು ಎನ್ನುವಾಗ ರೆಕಾರ್ಡಿನಲ್ಲಿದ್ದ ಎರಡು ನುಡಿಗಳು ಮುಗಿದವು.

ಹೆಂಗಸರು ನಿಲ್ಲಿಸಿದರು. ಚಂದ್ರಭಾಗವ್ವ ನಿಲ್ಲಿಸಲಿಲ್ಲ, ತಂಬೂರಿ ಮೀಟುತ್ತಲೇ ಇದ್ದಳು. "ಯಾಕ ಬಿಟ್ರಿ? ಇನ್ನೂ ಎರಡು ನುಡಿ ಅವಲ್ಲ."

"ಎಲ್ಲೆ ಅವ ಬೇ? ಹಾಡು ಇಷ್ಟ," ಎಂದಳು ಶಿವಗಂಗವ್ವ.

"ಸಾವಕಾಶ ಹಾಡಸಿದ್ನಲ್ಲ ಆ ಮನಶಾ, ಒಂದು ಬದಿಗೆ ಎರಡ ನುಡಿ ಹಿಡಿಸಿದ್ವು. ಉಳದದ್ದು ಬ್ಯಾಡ ಅಂದ. ಮೂರನೇದು ಮದುಮಗಳಿಂದು. ಕರದದ್ದಕ್ಕ ಆಕಿ ಉತ್ತರ ಕೊಡಬೇಕು."

ಎರಡೂ ದಂಡೆಯಲ್ಲಿ ಅಷ್ಟು ವರ್ಷ ಎಷ್ಟು ಮದುಮಗಳಂದಿರು ಉತ್ತರವಿಲ್ಲದೆ ಹಸೆಯ ಮೇಲೆ ಕೂತಿದ್ದರೋ. ಚಂದ್ರಭಾಗವ್ವ ಗುಣವತಿಯನ್ನು ಹತ್ತಿರ ಕರೆದು, ಮೈಕಿಗೆ ಕೇಳದ ಹಾಗೆ ಕಿವಿಯಲ್ಲಿ ಸಾಲುಗಳನ್ನು ಹೇಳಿದಳು. ಗುಣವತಿ ತುಟಿಯಲ್ಲೇ ಎರಡು ಸಲ ಹೇಳಿಕೊಂಡಳು. ನಾನು ಮೈಕನ್ನು ಅವಳ ಕಡೆ ಚಾಚಿದೆ. ಅವಳು ಅದನ್ನು ಕೈಯಿಂದ ಸರಿಸಿ, ದೋಣಿ ಕೂಗುವ ದನಿಯಲ್ಲಿ ಶುರುಮಾಡಿದಳು.

"ಬರತೀನಿ ತಡಿರವ್ವ, ಬಳಿ ಸರಿ ಮಾಡತೀನಿ, ಕರದಾಕಿ ಯಾರಂತ ಹೇಳಿರವ್ವ! ನಗುನಗತ ಬಂದೇನಿ, ಹಸಿ ಮ್ಯಾಲ ನನಗೊಂದು ಮಾತಾಡೂ ಜಾಗ ಐತೇನ?"

ಶ್ರುತಿ ಮೂಡಣದ್ದೂ ಅಲ್ಲ, ಪಡುವಣದ್ದೂ ಅಲ್ಲ. ಚಪ್ಪರದ ಹೊರಗೆ ಎತ್ತುಗಳು ಬೆದರಿದವು. ಆದರೆ ಅವಳು ಕೊನೆಯ ಮಾತು ಹೇಳಿ ಸುತ್ತ ನೋಡಿದಾಗ ಎರಡೂ ಕಡೆಯ ಹೆಂಗಸರು ಎದ್ದುನಿಂತು "ಐತಿ! ಐತಿ! ಬಾ!" ಎಂದು ಕೂಗಿದರು. ಗಂಡಿನವರ ಕಡೆಯ ಒಬ್ಬಳು ಮುದುಕಿ ಕಣ್ಣೊರೆಸಿಕೊಳ್ಳುತ್ತ, ತನ್ನ ಮದುವೆಯ ಹಸೆ ಈಗಷ್ಟೇ ಹಾಸಿದರೇನೋ ಎಂಬಂತೆ, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ಅಕ್ಷತೆ ಬಿತ್ತು. ಶಿವಗಂಗವ್ವ ಬಿರುಕಿನ ರೆಕಾರ್ಡಿಗೂ ನಾಲ್ಕು ಕಾಳು ಹಾಕಿದಳು.

ಸಂಜೆ ಗುಣವತಿಯನ್ನು ಗಂಡನ ಮನೆಗೆ ಕಳಿಸಿಕೊಡಲು ಎಲ್ಲರೂ ದಡಕ್ಕೆ ಬಂದರು. ದೋಣಿಗೆ ಬೇರೆ ಯಾರನ್ನೋ ಗೊತ್ತುಮಾಡಿದ್ದರು. ಗುಣವತಿ ಅವನನ್ನು ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಹುಟ್ಟು ಹಿಡಿದಳು. "ನನ್ನ ದೋಣಿ ನಾ ನಡಸ್ತೀನಿ, ನಾಳೆಯಿಂದ ಆ ದಂಡಿಯಿಂದ ನಡಸ್ತೀನಿ, ಇಷ್ಟ ಫರಕು" ಎಂದಳು. ಬಾಸಿಂಗ ಬಿಚ್ಚದ ಅಡಿವೆಪ್ಪ ನನ್ನ ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ದೋಣಿಯ ನಡುವೆ ಕೂತ. ಅವನ ಎದುರು ನಾನು ಮತ್ತು ಚಂದ್ರಭಾಗವ್ವ. ಅವನ ದೊಡ್ಡಪ್ಪ ಮತ್ತು ಉಳಿದವರು ಹಿಂದಿನ ದೋಣಿಯಲ್ಲಿ. ಹೊಳೆಯ ಮೇಲೆ ಸೂರ್ಯ ಇನ್ನೂ ಇದ್ದ. ದಡದ ಮೇಲೆ ಶಿವಗಂಗವ್ವನ ಗುಂಪು ಮೂರನೆಯ ನುಡಿಯನ್ನು ಮತ್ತೆ ಮತ್ತೆ ಹಾಡಿ ಗಟ್ಟಿಮಾಡಿಕೊಳ್ಳುತ್ತಿತ್ತು.

ಅಡಿವೆಪ್ಪ ಬಹಳ ಹೊತ್ತು ಏನೋ ಕೇಳಬೇಕೆಂದು ಹವಣಿಸಿ, ಕೊನೆಗೆ ಗಂಟಲು ಸರಿಮಾಡಿಕೊಂಡ. "ತಪ್ಪು ತಿಳಕೋಬ್ಯಾಡ್ರಿ ಅವ್ವಾರ. ನಾಕು ನುಡಿ ಅಂದ್ರೆಲ್ಲ. ನಾಕನೇದು ಹಾಡಲೇ ಇಲ್ಲ."

"ನಾಕನೇದು ನನ್ನದಲ್ಲ. ಅಕ್ಷತಿ ಬೀಳೂದ್ರಾಗ ನೀನ ಹಾಡಬೇಕಿತ್ತು," ಎಂದಳು ಚಂದ್ರಭಾಗವ್ವ. "ಆಕಿ ಜಾಗ ಐತೇನ ಅಂತ ಕೇಳಿದ್ದು ನಿನಗ. ಊರ ಮಂದಿ ಐತಿ ಅಂದ್ರು. ನೀ ಸುಮ್ಮನ ಕುಂತಿದ್ದಿ."

ಅಡಿವೆಪ್ಪನ ಮುಖ ಕೆಂಪಾಯಿತು. "ನನಗ ಗೊತ್ತಿರಲಿಲ್ರಿ."

"ಈಗ ಗೊತ್ತಾತಲ್ಲ. ಅನ್ನು ನನ್ನ ಹಿಂದ."

ಆಕೆ ಒಂದೊಂದೇ ಸಾಲು ಹೇಳಿದಳು, ಅವನು ಪ್ರತಿ ಸಾಲನ್ನೂ ತಪ್ಪು ಹೇಳಿದ. ಗುಣವತಿ ನಮ್ಮ ಕಡೆ ನೋಡದೆ, ನೀರನ್ನೇ ನೋಡುತ್ತ, ಹುಟ್ಟು ಹಾಕುತ್ತಿದ್ದಳು. ಮೂರನೆಯ ಸಲಕ್ಕೆ ಅವನು ಆಂಪ್ಲಿಫೈಯರನ್ನು ಪಕ್ಕಕ್ಕಿಟ್ಟು, ಅವಳ ಕಡೆ ತಿರುಗಿ ಕೂತ. ಗಡಿಯಾರದೊಳಗಿನ ಹಲ್ಲು ಎಣಿಸುವವನ ಹಾಗೆ ಒಂದೊಂದೇ ಪದವನ್ನು ಜೋಪಾನವಾಗಿ ಎತ್ತಿಟ್ಟು ಹಾಡಿದ.

"ಜಾಗ ಐತಿ ಬಾರ ಜಾಣಿ, ನೀ ಆಡೂ ಮಾತಿಗೆ... ಹಸಿ ಹಾಸಿದಂಗ ನನ್ನ ಕಿವಿ ಹಾಸೇನಿ."

ಗುಣವತಿಯ ಕೈಯಲ್ಲಿದ್ದ ಹುಟ್ಟು ನಿಂತಿತ್ತು. ನೀರು ಅದರ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅವಳು ಬೆನ್ನು ತಿರುಗಿಸಿಕೊಂಡೇ, ಹೊಳೆಗೆ ಹೇಳಿದ ಹಾಗೆ, ಮೆಲ್ಲಗೆ ಅಂದಳು:

"ಸರಿಯಾಗಿ ಕೇಳಸಲಿಲ್ಲ. ಇನ್ನೊಮ್ಮೆ ಹಾಡು."

ಅಡಿವೆಪ್ಪ ಇನ್ನೊಮ್ಮೆ ಹಾಡಿದ. ದೋಣಿ ನಡುಹೊಳೆಯಲ್ಲಿ ತನ್ನಷ್ಟಕ್ಕೆ ತಾನು ತಿರುಗತೊಡಗಿತು, ನಮಗೆ ಯಾರಿಗೂ ದಡ ಸೇರುವ ಅವಸರವಿರಲಿಲ್ಲ.